ಮುಯ್ಯಾಳು

ಬೆಳಿಗ್ಗೆ ಏಳಕ್ಕೆ ಪ್ರಾರ್ಥನಾ ಮನೆಯ ಬೀಗ ತೆಗೆಯಲು ಬಂದ ಕೆಂಚೇಶನ ಕಣ್ಣಿಗೆ ಮೊದಲು ಬಿದ್ದದ್ದು ಪೊರಕೆ, ಆಮೇಲೆ ಅದನ್ನು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸು. ಒಂದು ಗಳಿಗೆ ಓಬವ್ವನೇ ಎದ್ದು ಬಂದಳೆನ್ನಿಸಿತು. ಮುರಿದ ಸೊಂಟ ಕೂಡಿಕೊಂಡು ಮುದುಕಿ ಎದ್ದು ನಡೆಯಲಿ ಎಂದು ಮೂರು ವಾರದಿಂದ ಗಂಟಲು ಹರಿದುಕೊಂಡು ಪ್ರಾರ್ಥಿಸಿದವನು ಅವನೇ. ನಿಜಕ್ಕೂ ಎದ್ದು ಬಂದಿದ್ದರೆ ಸಂತೋಷವಾಗಬೇಕಿತ್ತು, ಆದದ್ದು ಹೆದರಿಕೆ. ಹೆಂಗಸು ತಲೆಯೆತ್ತಿದಳು. ಓಬವ್ವ ಅಲ್ಲ, ಓಬವ್ವನ ಸೊಸೆ ಮಮತಾ. ಪ್ರಾರ್ಥನೆಗೆ ಒಂದು ದಿನವೂ ಬಂದವಳಲ್ಲ. ದಾರಿಯಲ್ಲಿ ಎದುರಾದರೆ ಮರ್ಯಾದೆಗೊಂದು ನಮಸ್ಕಾರ ಹಾಕಿ ಸರಕ್ಕನೆ ದಾಟಿಹೋಗುವವಳು. ಇವತ್ತು ಸೀರೆ ಎತ್ತಿಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಗಳಕ್ಕೋ ಕೆಲಸಕ್ಕೋ ಹೇಳಲಾಗದಂತೆ ಸಿದ್ಧವಾಗಿ ಬಂದಿದ್ದಳು.

"ಬಾಗ್ಲು ತಗೀರಿ ಪಾಸ್ಟ್ರೇ. ಒಂಬತ್ತೂವರೆಗೆ ಶಾಲ್ಯಾಗೆ ಬಿಸಿಯೂಟಕ್ಕೆ ಎಸರು ಇಡ್ಬೇಕು ನಾನು."

"ನೀವ್ಯಾಕಮ್ಮ ಇಲ್ಲಿಗೆ ಬರಾಕೆ ಹೋದ್ರಿ?"

"ನಮ್ಮತ್ತೆ ಕಳಿಸ್ಯಾರೆ, ಅವರ ಬದ್ಲಿ. ಮುಯ್ಯಾಳು ಅಂದ್ರೆ ಹಂಗೇ ಅಲ್ವೇನ್ರಿ? ಮನ್ಯಾಗೆ ಒಬ್ರಿಗೆ ಆಗದಿದ್ರೆ ಇನ್ನೊಬ್ರು ಹೋಗ್ಬೇಕು."

ಕೆಂಚೇಶ ಬೀಗಕ್ಕೆ ಕೀಲಿ ಹಾಕಿದವನು ತಿರುಗಿಸುವುದನ್ನು ಮರೆತ. ಸೊಕ್ಕೆಯಿಂದಾಚೆ ನಾಲ್ಕು ಮೈಲಿಯ ಈ ಊರಲ್ಲಿ ಮುಯ್ಯಾಳಿನ ಅರ್ಥ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಇವತ್ತು ನೀನು ನನ್ನ ಹೊಲದ ಕಳೆಗೆ ಬಾ, ನಾಡಿದ್ದು ನಾನು ನಿನ್ನ ಹೊಲದ ಕಳೆಗೆ ಬರುತ್ತೇನೆ. ಕೂಲಿಯ ಮಾತಿಲ್ಲ, ಆಳಿಗೆ ಆಳು. ಜ್ವರ ಬಂದರೂ ಮಳೆ ಬಂದರೂ ಮುಯ್ಯಿ ತಪ್ಪಿಸುವಂತಿಲ್ಲ, ತಪ್ಪಿಸಿದ ಮನೆಗೆ ಮುಂದಿನ ವರ್ಷ ಯಾರೂ ಕುಡುಗೋಲು ಹಿಡಿದು ಹೋಗುವುದಿಲ್ಲ. ಬಾಗಿಲು ತೆರೆದದ್ದೇ ತಡ ಮಮತಾ ಒಳನುಗ್ಗಿ ಮೂಲೆಯಿಂದ ಶುರು ಮಾಡಿದಳು. ಮೊದಲು ಶೇಂಗಾ ಗೋದಾಮಾಗಿದ್ದ ಕಟ್ಟಡ ಅದು. ಎಷ್ಟು ಗುಡಿಸಿದರೂ ಗೋಡೆಯ ಸಂದಿನಿಂದ ಶೇಂಗಾ ಸಿಪ್ಪೆ ಉದುರುತ್ತಲೇ ಇರುತ್ತದೆ. ಕೆಂಚೇಶ ಹೋಗಿ ಪೊರಕೆಗೆ ಕೈ ಹಾಕಿದ. ಅವಳು ಬಿಡಲಿಲ್ಲ. ಇವನೂ ಬಿಡಲಿಲ್ಲ. ಶಿಲುಬೆಯ ಚಿತ್ರದ ಕೆಳಗೆ ಇಬ್ಬರೂ ಒಂದು ಪೊರಕೆಯನ್ನು ಹಿಡಿದೆಳೆಯುತ್ತಿರುವಾಗ ಹೊರಗೆ ಯಾರದೋ ಬೈಕು ನಿಧಾನವಾಗಿ, ಒಳಗೆ ಇಣುಕಿ, ಮತ್ತೆ ಜೋರಾಯಿತು. ಕೆಂಚೇಶನೇ ಕೈಬಿಟ್ಟ.

"ನಾನು ಕಸ ಹೊಡೀದೆ ಹೋದ್ರೆ ಆಯಮ್ಮ ಮಾತ್ರೆ ನುಂಗಲ್ಲ," ಎಂದಳು ಮಮತಾ, ದನಿ ಏರಿಸದೆ. "ಮೂರು ದಿನ ಆತು ನುಂಗಿ. ಮುಯ್ಯಿ ನಿಂತೋಗೈತೆ, ಮೊದ್ಲು ಆಳು ಕಳ್ಸು, ಆಮ್ಯಾಲೆ ಮಾತ್ರೆ ಅಂತ. ತಾನು ಸತ್ತ ಮ್ಯಾಲೂ ವಾರಕ್ಕೊಂದು ಆಳು ಹೋಗ್ಬೇಕು ಅಂತ ಮಗನ ಹತ್ರ ಮಾತು ತಗೊಂಡಾರೆ. ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ನಿಮ್ಮ ಸ್ವಾಮಿ ಸತ್ತಿದ್ದಕ್ಕೆ ನಾವು ಎಷ್ಟಾಳು ಕೊಡ್ಬೇಕು? ನೂರಾ? ಐನೂರಾ? ಒಂದು ಮಾತು ಹೇಳಿಬಿಡ್ರಿ, ಗಂಡ ಹೆಂಡ್ತಿ ಸೇರಿ ಮುಗಿಸ್ತೀವಿ. ಆಯಮ್ಮ ನೆಮ್ಮದಿಯಾಗಿರ್ಲಿ."

ಹನ್ನೊಂದು ವರ್ಷದಿಂದ ರಕ್ಷಣೆಯ ಮಾತನ್ನೇ ಆಡಿಕೊಂಡು ಬಂದ ಬಾಯಿಗೆ ನೆಟ್ಟಗೊಂದು ಪ್ರಶ್ನೆ ಎದುರಾದದ್ದು ಇದೇ ಮೊದಲು. ಕೆಂಚೇಶ ತಗಡಿನ ಸೂರು ನೋಡಿದ. "ನಾನು ಬಂದು ಅವ್ವನ ಹತ್ರ ಮಾತಾಡ್ತೀನಮ್ಮ," ಎಂದ. "ಮಾತಾಡ್ರಿ," ಎಂದಳು ಮಮತಾ. "ಮಾತು ಕೇಳೇ ಹಿಂಗಾಗಿರೋದು." ಅವಳದು ಕೊಂಕಿನ ಮಾತಾಗಿರಲಿಲ್ಲ. ಕೊಂಕಾಗಿದ್ದರೆ ಎಷ್ಟೋ ವಾಸಿ ಇತ್ತು, ಅದಕ್ಕೆ ಬೇಜಾರಾದರೂ ಮಾಡಿಕೊಳ್ಳಬಹುದಿತ್ತು. ಅವಳು ಗುಡಿಸಿ, ಕಸ ಬಾಚಿ, ಪೊರಕೆಯನ್ನು ಓಬವ್ವ ಇಡುತ್ತಿದ್ದ ಜಾಗದಲ್ಲೇ, ಬಾಗಿಲ ಹಿಂದೆ, ತಲೆಕೆಳಗಾಗಿ ನಿಲ್ಲಿಸಿ ಹೋದಳು. ಆ ಜಾಗ ಅವಳಿಗೆ ಯಾರು ಹೇಳಿದ್ದರು? ಮಲಗಿದಲ್ಲಿಂದಲೇ ಓಬವ್ವ ಎಲ್ಲವನ್ನೂ ಹೇಳಿ ಕಳಿಸಿದ್ದಳು.

ಅವನು ಸಾಲು ಬೆಂಚಿನ ಮೇಲೆ ಕೂತ. ಇಲ್ಲಿಂದಲೇ, ಇದೇ ಕಂಬದ ಪಕ್ಕದಿಂದಲೇ ಅಲ್ಲವೆ ಅವನು ಆ ಮುಯ್ಯಾಳಿನ ಮಾತನ್ನು ಮೊದಲ ಸಲ ಹೇಳಿದ್ದು. ಅಲ್ಲಿಯವರೆಗೆ ಅವನ ಭಾನುವಾರದ ಬೋಧನೆಯ ಪ್ರಸಂಗಗಳಲ್ಲಿ ಜನ ಆಕಳಿಸುತ್ತಿದ್ದರು. ಪ್ರಾಯಶ್ಚಿತ್ತ, ವಿಮೋಚನೆ, ನೀತಿ ನಿರ್ಣಯ ಎಂದು ಅವನು ತರಬೇತಿಯಲ್ಲಿ ಕಲಿತದ್ದನ್ನು ಕಲಿತ ಹಾಗೇ ಒಪ್ಪಿಸುತ್ತಿದ್ದ. ಹೆಂಗಸರು ಕಾಲು ಒತ್ತಿಕೊಳ್ಳುತ್ತ ಹಾಡು ಯಾವಾಗ ಶುರುವಾಗುತ್ತದೋ ಎಂದು ಕಾಯುತ್ತಿದ್ದರು. ಆ ಭಾನುವಾರ, ತಯಾರಿ ಇಲ್ಲದೆಯೇ, ಬಾಯಿಗೆ ಬಂತು: ನಿಮ್ಮ ಹೊಲದಲ್ಲಿ ಸೊಂಟದೆತ್ತರ ಕಳೆ ಬೆಳೆದಿದೆ, ನಿಮಗೆ ಏಳಲು ತ್ರಾಣವಿಲ್ಲ, ಯಾವ ಆಳೂ ನಿಮ್ಮ ಹೊಲಕ್ಕೆ ಬರಲು ಒಪ್ಪುವುದಿಲ್ಲ; ಅಂಥ ಹೊತ್ತಲ್ಲಿ ದೇವರ ಮಗನೇ ನಿಮ್ಮ ಹೊಲಕ್ಕೆ ಮುಯ್ಯಾಳಾಗಿ ಬಂದ, ನಿಮ್ಮ ಸಾಲು ಹಿಡಿದ, ಬಿಸಿಲಲ್ಲಿ ಸಾಯುವವರೆಗೂ ದುಡಿದ. ಆಕಳಿಕೆ ನಿಂತಿತು. ಮುಂದಿನ ಸಾಲಲ್ಲಿ ಕೂತಿದ್ದ ಓಬವ್ವ ಸೆರಗು ಬಾಯಿಗೊತ್ತಿಕೊಂಡು ಅಳಲು ಶುರುಮಾಡಿದಳು. ತನ್ನ ಮಾತಿಗೆ ಒಬ್ಬರು ಅತ್ತದ್ದು ಅದೇ ಮೊದಲು. ಅವತ್ತು ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದ, ಹೆಂಡತಿ ಉಷಾರಾಣಿಗೆ ಆ ಉದಾಹರಣೆಯನ್ನು ಎರಡು ಸಲ ಹೇಳಿ ತೋರಿಸಿದ. ಆಮೇಲೆ ನ್ಯಾಮತಿಯಲ್ಲಿ ಹೇಳಿದ, ಚನ್ನಗಿರಿಯಲ್ಲಿ ಹೇಳಿದ, ಎಲ್ಲಿ ಹೇಳಿದರೂ ಹೆಂಗಸರು ತಲೆದೂಗಿದರು. ಹೇಳಿ ಹೇಳಿ ಅದು ಎಷ್ಟು ನುಣುಪಾಯಿತೆಂದರೆ ಎಲ್ಲಿ ದನಿ ಇಳಿಸಬೇಕು, ಎಲ್ಲಿ ಸುಮ್ಮನಾಗಬೇಕು ಎಂಬುದೂ ಬಾಯಿಪಾಠವಾಯಿತು. ಮುಯ್ಯಾಳು ಅಂದರೆ ತಿರುಗಿ ಕೊಡಬೇಕಾದ ಆಳು ಎಂಬ ಒಂದು ಸಣ್ಣ ವಿಷಯ ಮಾತ್ರ ಪ್ರಸಂಗದಲ್ಲಿ ಬರುತ್ತಿರಲಿಲ್ಲ. ಹೊಲದಲ್ಲಿ ಹುಟ್ಟಿದವನಿಗೆ ಅದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಅಳುವವರ ಮುಂದೆ ಅದನ್ನು ಬಿಡಿಸಿ ಹೇಳಿದರೆ ಅಳು ನಿಂತುಹೋಗುತ್ತದೆ ಅನ್ನುವುದೂ ಗೊತ್ತಿತ್ತೇನೋ.

ಫೋನು ಬಡಿದುಕೊಂಡಿತು. ಹೊನ್ನಾಳಿಯಿಂದ ಓಂಕಾರಪ್ಪ, ಈ ಭಾಗದ ಸಭೆಗಳಿಗೆಲ್ಲ ಹಿರಿಯರು, ಕೆಂಚೇಶನನ್ನು ಈ ದಾರಿಗೆ ತಂದವರು. "ತಮ್ಮಾ, ಶನಿವಾರ ಮರೀಬ್ಯಾಡ. ನಲವತ್ತು ಜನ ದೇವಸೇವಕರು ಸೇರ್ತಾರೆ. ಸುವಾರ್ತೆನ ಹಳ್ಳಿ ಜನಕ್ಕೆ ಸ್ಪಷ್ಟವಾಗಿ ಹೆಂಗೆ ಹೇಳ್ಬೇಕು ಅನ್ನೋದೇ ವಿಷಯ. ನಿನ್ನ ಮುಯ್ಯಾಳು ಹೇಳು. ಎಲ್ರೂ ಬರ್ಕೊಳ್ಳಲಿ, ಎಲ್ರೂ ಅದನ್ನೇ ಹೇಳ್ಲಿ." ಕೆಂಚೇಶ, "ಅಣ್ಣಾ..." ಎಂದ. "ಏನು?" ಎಂದರು ಓಂಕಾರಪ್ಪ. "ಆಯ್ತಣ್ಣ," ಎಂದ ಕೆಂಚೇಶ. ಫೋನು ಕೆಳಗಿಟ್ಟು ತನ್ನ ಬಾಯಿಯನ್ನು ತಾನೇ ಬೈದುಕೊಂಡ. ನಲವತ್ತು ಜನ, ಒಬ್ಬೊಬ್ಬರಿಗೆ ನಾಲ್ಕು ಹಳ್ಳಿ, ಹಳ್ಳಿಗೊಬ್ಬಳು ಓಬವ್ವ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತಂತೆ. ಆದರೂ ಓಂಕಾರಪ್ಪನವರಿಗೆ ಇಲ್ಲ ಎನ್ನಲು ಅವನಿಗೆ ಇವತ್ತಿನವರೆಗೆ ಸಾಧ್ಯವಾಗಿರಲಿಲ್ಲ. ಬಾ ಎಂದಾಗ ಹೋಗಿದ್ದಾನೆ, ಜಗಳೂರು ಸೀಮೆಗೆ ಯಾರೂ ಒಪ್ಪುವುದಿಲ್ಲ ನೀನು ಹೋಗು ಎಂದಾಗ ಬಸವಾಪಟ್ಟಣದ ಮನೆ ಬಿಟ್ಟು ಇಲ್ಲಿಗೆ ಬಂದಿದ್ದಾನೆ. ಹಿಂದೆ ಅವನ ಅವ್ವ ಭೀಮಕ್ಕ ಹೊನ್ನಾಳಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದಾಗ ಕೆಂಚೇಶ ವಾಸನೆ ತಡೆಯಲಾಗದೆ ಮೂಗು ಮುಚ್ಚಿಕೊಂಡು ವರಾಂಡಕ್ಕೆ ಓಡಿಹೋಗುತ್ತಿದ್ದ. ಪಕ್ಕದ ಮಂಚದವರನ್ನು ನೋಡಲು ಬಂದಿದ್ದ ಗುರುತಿಲ್ಲದ ಮನುಷ್ಯ ಅವಳ ಬಟ್ಟೆ ಬದಲಿಸಿದ, ತಲೆ ಬಾಚಿದ, ಬಾಯಿಗೆ ಗಂಜಿ ಹಾಕಿದ. ಎಂಟನೆಯ ದಿನ ಅವ್ವ ಮಗನ ಕೈ ಹಿಡಿದುಕೊಂಡು, ಆ ಓಂಕಾರಪ್ಪನ ಮುಯ್ಯಿ ಉಳಿಸ್ಕೋಬ್ಯಾಡ ಕಣೋ, ಎಂದಳು. ಅವಳು ಹೋದ ಮೂರು ತಿಂಗಳಿಗೆ ಅವನು ದೀಕ್ಷಾಸ್ನಾನ ತೆಗೆದುಕೊಂಡ. ನಂಬಿ ಬಂದನೋ, ಅವ್ವನ ಮಾತು ತೀರಿಸಲು ಬಂದನೋ? ಸಭೆಗಳಲ್ಲಿ ತನ್ನ ನಂಬಿಕೆಯ ಸಾಕ್ಷಿ ಹೇಳುವಾಗೆಲ್ಲ ಮೊದಲನೆಯದನ್ನೇ ಹೇಳಿಕೊಂಡು ಬಂದಿದ್ದ. ಎರಡನೆಯದು ಬಾಯಿಯಲ್ಲಿಟ್ಟ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಅವನು ಓಬವ್ವನ ಮನೆಯ ಕಡೆ ಹೊರಟ. ಬೈಬಲ್ಲನ್ನು ಕಂಕುಳಿಗೆ ಇಟ್ಟುಕೊಂಡವನು ಅರ್ಧ ದಾರಿಯಲ್ಲಿ ಅದನ್ನು ಚೀಲದೊಳಕ್ಕೆ ಹಾಕಿದ. ದಾರಿಯ ಎರಡೂ ಕಡೆ ಈರುಳ್ಳಿ ಹೊಲ, ಅಲ್ಲಲ್ಲಿ ಮೆಕ್ಕೆಜೋಳ. ಒಂದು ಹೊಲದಲ್ಲಿ ಏಳೆಂಟು ಹೆಂಗಸರು ಸಾಲು ಹಿಡಿದು ಕಳೆ ಕೀಳುತ್ತಿದ್ದರು. ಒಬ್ಬಾಕೆ ಹಿಂದೆ ಬಿದ್ದಿದ್ದಳು, ಪಕ್ಕದವಳು ಮಾತು ನಿಲ್ಲಿಸದೆಯೇ ಅವಳ ಸಾಲಿಗೂ ಕೈ ಹಾಕಿ ಎಳೆದುಕೊಂಡು ಹೋಗುತ್ತಿದ್ದಳು. ಕೆಂಚೇಶ ನಡೆಯುತ್ತ ನಡೆಯುತ್ತ ಮಾತು ಹುಡುಕಿದ. ಅವ್ವಾ, ಇದು ಮುಯ್ಯಾಳಲ್ಲ, ದಾನ. ಛೆ, ದಾನ ಎಂದರೆ ಓಬವ್ವ ಸೆರಗು ಕೊಡವಿಕೊಂಡು ಎದ್ದುಹೋಗುವ ಹೆಂಗಸು. ಈಗ ಏಳಲಾಗದಿದ್ದರೂ ಮುಖ ತಿರುಗಿಸುತ್ತಾಳೆ. ಉಡುಗೊರೆ? ಮದುವೆಯಲ್ಲಿ ಕೊಟ್ಟ ಸೀರೆಗೂ ಈ ಸೀಮೆಯಲ್ಲಿ ಮುಂದಿನ ಮದುವೆಯಲ್ಲಿ ತಿರುಗಿ ಕೊಡುವ ಸೀರೆ ಕಾದಿರುತ್ತದೆ. ಕೃಪೆ? ಹರಕೆ ತೀರಿಸಿದವರಿಗೆ ತಾನೆ ದೇವರ ಕೃಪೆ. ಸಾಲಮನ್ನಾ ಎಂದು ನೋಡಿದರೆ? ಪಹಣಿ ತರಲೋ ಆಧಾರ್ ಕಾರ್ಡು ತರಲೋ ಎಂದು ಕೇಳುತ್ತಾಳೆ, ಕೊನೆಗೆ ಪಟ್ಟಿಯಲ್ಲಿ ತನ್ನ ಹೆಸರಿರುವುದಿಲ್ಲವೆಂದು ಅವಳಿಗೆ ಮೊದಲೇ ಗೊತ್ತು. ಒಂದೊಂದೇ ಮಾತು ಎತ್ತಿ ನೋಡಿ ಕೆಳಗೆ ಹಾಕುತ್ತ ಹೋದ. ಮಾಡಿದ್ದುಣ್ಣೋ ಮಹರಾಯ ಎಂದು ಜಗತ್ತೆಲ್ಲ ಹೇಳುತ್ತಿರುವಾಗ, ನೀನು ಮಾಡಿದ್ದನ್ನು ಇನ್ನೊಬ್ಬ ಉಂಡ ಎಂದು ಹೇಗೆ ಹೇಳುವುದು? ಹೇಳಿದರೂ, ತನ್ನ ಹನ್ನೊಂದು ವರ್ಷವನ್ನು ಓಂಕಾರಪ್ಪನವರಿಗೆ ಆಳಿಗೆ ಆಳು ಎಂದು ಕೊಟ್ಟುಕೊಂಡು ಬಂದವನ ಬಾಯಿಂದ ಅದು ಯಾರ ಕಿವಿಗೆ ಹೋದೀತು?

ಮಮತಾ ಬಾಗಿಲು ಮುಂದಕ್ಕೆಳೆದು ಶಾಲೆಗೆ ಹೋಗಿಯಾಗಿತ್ತು. ನಡುಮನೆಯ ಕಬ್ಬಿಣದ ಮಂಚದ ಮೇಲೆ ಓಬವ್ವ ಮಲಗಿದ್ದಳು. ಗಟ್ಟಿ ಮೈಯ ಹೆಂಗಸು ಮೂರು ವಾರದಲ್ಲಿ ಕುಗ್ಗಿ, ಕೌದಿಯೊಳಗೆ ಇದ್ದಾಳೋ ಇಲ್ಲವೋ ಎನ್ನುವಂತಾಗಿದ್ದಳು. ಕಣ್ಣು ಮಾತ್ರ ಮೊದಲಿನ ಹಾಗೇ ಇತ್ತು.

"ಬಾ ಪಾಸ್ಟ್ರಪ್ಪ. ಕುರ್ಚಿ ಎಳ್ಕೊ. ಮಮತಾ ಬಂದಿದ್ಲಾ?"

"ಬಂದಿದ್ರವ್ವ."

"ಚೆನ್ನಾಗಿ ಹೊಡೆದ್ಲಾ? ಮೂಲೆ ಬಿಡ್ತಾಳೆ ಅವ್ಳು. ಕಂಬದ ಹಿಂದೆ ನೋಡ್ದ್ಯಾ?"

"ಚೆನ್ನಾಗಿ ಹೊಡೆದ್ರು. ಮಾತ್ರೆ ನುಂಗಿದ್ರಾ ನೀವು?"

"ನುಂಗ್ದೆ. ಆಳು ಹೋದ್ಲಲ್ಲ, ಈಗ ಗಂಟಲಾಗೆ ಇಳೀತು." ಅವಳು ಸಮಾಧಾನದಿಂದ ಕಣ್ಣುಮುಚ್ಚಿದಳು. ಹೀಗೇ ಬಿಟ್ಟು ಎದ್ದುಹೋಗಬಹುದಿತ್ತು. ಪ್ರಾರ್ಥನೆ ಮಾಡಿ, ಆಮೆನ್ ಎಂದು, ಬಾಗಿಲು ಮುಂದಕ್ಕೆಳೆದು. ಮೂರು ವಾರದಲ್ಲಿ ಎರಡು ಸಲ ಅವನು ಹಾಗೆಯೇ ಮಾಡಿದ್ದ. ಕೆಂಚೇಶ ಕುರ್ಚಿಯ ತುದಿಗೆ ಸರಿದು ಕೂತು, ಗಂಟಲು ಸರಿಮಾಡಿಕೊಂಡು, ದೇವರ ರಕ್ಷಣೆಯು ಮನುಷ್ಯನ ಕ್ರಿಯೆಗಳಿಂದ ದೊರೆಯುವಂಥದ್ದಲ್ಲ ಎಂದು ಶುರುಮಾಡಿದ. ಓಬವ್ವ ಹೂಂಗುಟ್ಟಿದಳು. ಅದು ನಂಬಿಕೆಯ ಮೂಲಕ ಎಂದ. ಹೂಂ ಎಂದಳು. ಅವನು ಇನ್ನೂ ನಾಲ್ಕು ವಾಕ್ಯ ಹೇಳಿದ, ಅವಳು ಇನ್ನೂ ನಾಲ್ಕು ಹೂಂ ಎಂದಳು. ಕತೆ ಹೇಳಿಸಿಕೊಳ್ಳುವವರು ನಿದ್ದೆ ಬಂದಿದ್ದರೂ ಹೂಂಗುಟ್ಟುತ್ತಾರಲ್ಲ ಹಾಗೆ. ಕೊನೆಗೆ ಅವನು ಸೋತು, "ಅಂದ್ರೆ ಅವ್ವ, ಇನ್ನು ಮ್ಯಾಲೆ ಮಮತಾ ಬರಾದು ಬ್ಯಾಡ. ನಿಮ್ಮ ಆಳು ಬ್ಯಾಡ," ಎಂದುಬಿಟ್ಟ.

ಅವಳ ಕಣ್ಣು ಪಟ್ಟನೆ ತೆರೆಯಿತು.

"ಯಾಕೆ? ನಮ್ಮಾಳು ಬ್ಯಾಡಾತಾ ಅವನಿಗೆ?"

"ಹಂಗಲ್ಲವ್ವ. ಸ್ವಾಮಿ ಏನೂ ವಾಪಸ್ ಕೇಳಲ್ಲ. ಪುಕ್ಕಟೆ."

"ಪುಕ್ಕಟೆ ಕೊಡೋರು ದೊಡ್ಡಮನ್ಯೋರು," ಎಂದಳು ಓಬವ್ವ. ಮೊಣಕೈ ಊರಿ ಏಳಲು ಹೋಗಿ, ನೋವಿಗೆ ಹಲ್ಲು ಕಚ್ಚಿ, ಮತ್ತೆ ಒರಗಿದಳು. "ಹಬ್ಬದಾಗೆ ದೂರದಿಂದ ಸೆರಗಿಗೆ ಹಾಕ್ತಿದ್ರು ಹೋಳಿಗೆ. ಬ್ಯಾರೆ ದಿನ ಕೂಲಿಗೆ ಕರೀತಿದ್ರು, ಕೂಲಿ ಬಿಸಾಕ್ತಿದ್ರು. ಒಂದಿನಾದ್ರೂ ಅವರ ಮನ್ಯಾಗಿಂದ ಒಂದಾಳು ನಮ್ಮ ಕೇರಿ ಹೊಲಕ್ಕೆ ಮುಯ್ಯಿ ಬಂದಿದ್ದುಂಟಾ? ನಾನು ಹುಟ್ಟಿದಾಗ್ಲಿಂದ ನೋಡಿಲ್ಲ. ಮುಯ್ಯಿ ನಡ್ಯೋದು ಸರೀಕರೊಳಗೆ. ನೀನು ಅವತ್ತು ಅಂದೆ, ದೇವರ ಮಗ ನಿನ್ನ ಹೊಲಕ್ಕೆ ಮುಯ್ಯಾಳಾಗಿ ಬಂದ ಅಂತ. ಕೂಲಿ ಕರ್ದ ಅನ್ಲಿಲ್ಲ, ದಾನ ಕೊಟ್ಟ ಅನ್ಲಿಲ್ಲ. ನನ್ನ ಹೊಲಕ್ಕೆ ಪಾಸ್ಟ್ರಪ್ಪ, ನನ್ನ ಸಾಲಿಗೆ. ಅದಕ್ಕೇ ಅತ್ತೆ ನಾನು. ಈಗ ನಿನ್ನಾಳು ಬ್ಯಾಡ ಅಂತಾನೆ ಅಂದ್ರೆ, ಅವನೂ ದೊಡ್ಡಮನ್ಯೋನೇ ಅಂತಾತು."

ಇಪ್ಪತ್ತು ಕಡೆ ಹೇಳಿ ನುಣುಪು ಮಾಡಿದ ಉದಾಹರಣೆಯೊಳಗೆ ಏನಿದೆ ಎಂದು ಕೆಂಚೇಶನಿಗೇ ಗೊತ್ತಿರಲಿಲ್ಲ. ಅವಳು ತನ್ನ ಕಡೆಯಿಂದ ಕೇಳಿಸಿಕೊಂಡಿದ್ದಳು, ಹೇಳಿದವನಿಗಿಂತ ದೊಡ್ಡದನ್ನು ಕೇಳಿಸಿಕೊಂಡಿದ್ದಳು. ಅದನ್ನೀಗ ಅವಳ ಕೈಯಿಂದ ಕಿತ್ತುಕೊಳ್ಳುವುದು ಹೇಗೆ? ಕಿತ್ತುಕೊಳ್ಳದೆ ಬಿಟ್ಟರೆ ಮಗ, ಸೊಸೆ, ಅವರ ಮಕ್ಕಳು ವಾರಕ್ಕೊಂದಾಳಿನಂತೆ ಎಂದೂ ಮುಗಿಯದ ಕಳೆ ಕೀಳುತ್ತಿರಬೇಕು. ಮೂಲೆಯಲ್ಲಿ ನೀರಿನ ಕೊಡ, ಗೂಡಿನಲ್ಲಿ ಮಾತ್ರೆಯ ಡಬ್ಬಿ, ಗೋಡೆಯ ಮೇಲೆ ಅವಳ ಗಂಡನ ಮಾಸಿದ ಫೋಟೋ. ಅವನ ದೃಷ್ಟಿ ಎಲ್ಲೂ ನಿಲ್ಲಲಿಲ್ಲ. ಮುದುಕಿಯ ಕಾಲ ಬಳಿ ಮಾತ್ರ ನೋಡದೆ ತಪ್ಪಿಸಿಕೊಂಡು ಬರುತ್ತಿದ್ದ. ಬಲಗಾಲಿನ ಎರಡೂ ಕಡೆ ಅಲುಗಾಡದಂತೆ ದಿಂಬು ಒತ್ತಿದ್ದರು. ಅವಳು ಜಾರಿ ಬಿದ್ದ ಆ ಶನಿವಾರ, ಗೋದಾಮಿನ ನೆಲ ತೊಳೆಯುತ್ತಿದ್ದಾಗ ಅವನು ಅಲ್ಲೇ ಇದ್ದ, ಬೆಂಚಿನ ಮೇಲೆ ಕಾಲು ಮೇಲೆತ್ತಿ ಕೂತು ಪ್ರಸಂಗಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಕಾಲೆತ್ತಿದ್ದು ಅವಳಿಗೆ ತೊಳೆಯಲು ಅನುಕೂಲವಾಗಲಿ ಎಂದು.

"ಅವ್ವ," ಎಂದ. "ನಂಗೆ ಗೊತ್ತಿತ್ತು."

"ಏನು?"

"ನೀವು ಅತ್ತಿದ್ದು ಒಂದು ಭಾನುವಾರ. ಮುಂದಿನ ಭಾನುವಾರಾನೇ ಪೊರಕೆ ತಗೊಂಡು ಬಂದ್ರಿ. ನೋಡಿದ ತಕ್ಷಣ ಗೊತ್ತಾತು, ಇವ್ರು ಮುಯ್ಯಿ ತೀರ್ಸಾಕೆ ಬಂದಾರೆ, ನಾನು ಹೇಳಿದ್ದು ತಪ್ಪಾಗೈತೆ ಅಂತ. ಅವತ್ತೇ ಹೇಳ್ಬಹುದಿತ್ತು. ಹೇಳ್ಲಿಲ್ಲ. ಗೋದಾಮು ಸ್ವಚ್ಛ ಆಗ್ತಿತ್ತಲ್ಲ, ಸುಮ್ನಿದ್ದೆ. ಬಂದೋರೆಲ್ಲ ಎಷ್ಟು ಚೊಕ್ಕ ಇಟ್ಟೀರಿ ಅಂತ ನನ್ನನ್ನ ಹೊಗಳ್ತಿದ್ರು. ಒಂದು ವರ್ಷ ಎಂಟು ತಿಂಗಳು ಸುಮ್ನಿದ್ದೆನವ್ವ. ಹೇಳಿದ್ರೆ ನೀವು ಆ ನೆಲ ತೊಳೀತಿರ್ಲಿಲ್ಲ, ಬೀಳ್ತಿರ್ಲಿಲ್ಲ." ಒಂದು ಉಸಿರಿಗೆ ಹೇಳಿ ಮುಗಿಸಿದ. ಇದು ಯಾವ ಪ್ರಸಂಗದಲ್ಲೂ ಇರಲಿಲ್ಲ; ಎಲ್ಲಿ ದನಿ ಇಳಿಸಬೇಕೆಂದು ಗೊತ್ತಿರಲಿಲ್ಲ.

ಓಬವ್ವ ಅವನನ್ನೇ ನೋಡಿದಳು. "ಗೊತ್ತಿದ್ದೂ?" ಎಂದಳು. ಅವನು ತಲೆಯಾಡಿಸಿದ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಬೀದಿಯಲ್ಲಿ ಹಾಲಿನ ಗಾಡಿ ಹೋಯಿತು, ಪಕ್ಕದ ಮನೆಯಲ್ಲಿ ಯಾರೋ ಟಿವಿ ಹಾಕಿದರು, ತೆಗೆದರು. ಅವಳ ಬೆನ್ನು ಏರಿಳಿಯುವುದನ್ನು ನೋಡುತ್ತ ಕೆಂಚೇಶ ಕೂತೇ ಇದ್ದ. ಎದ್ದುಹೋಗು ಎಂದರೆ ಹೋಗುತ್ತಿದ್ದ. ಬಯ್ದರೆ ಬಯ್ಯಿಸಿಕೊಳ್ಳುತ್ತಿದ್ದ, ಅದು ಎಷ್ಟೋ ಹಗುರವಾಗುತ್ತಿತ್ತು. ಊರಿಗೆಲ್ಲ ಹೇಳುತ್ತಾಳೆ, ಮಮತಾ ಹೇಳುತ್ತಾಳೆ, ಓಂಕಾರಪ್ಪನವರ ಕಿವಿಗೂ ಬೀಳುತ್ತದೆ. ಬೀಳಲಿ. ಹಾಗೆನ್ನಿಸಿದಾಗ ಅವನಿಗೇ ಆಶ್ಚರ್ಯವಾಯಿತು. ಅವನ ಎದೆಯನ್ನು ಹಿಂಡುತ್ತಿದ್ದದ್ದು ಊರಲ್ಲ, ಗೋಡೆಯ ಕಡೆ ತಿರುಗಿದ ಆ ಒಂದು ಮುಖ.

ಮುಖ ಎಷ್ಟು ಹೊತ್ತಿಗೆ ಈ ಕಡೆ ತಿರುಗಿತೋ ಅವನಿಗೆ ತಿಳಿಯಲಿಲ್ಲ. ಕೆನ್ನೆ ಒದ್ದೆಯಾಗಿತ್ತು.

"ಹೋಗ್ಲಿ ಬಿಡಪ್ಪ," ಎಂದಳು.

ಅವನು ಧಡಕ್ಕನೆ ಎದ್ದು ನಿಂತ. "ಇಲ್ಲವ್ವ. ನಾನು ದಿನಾ ಬರ್ತೀನಿ. ನೀರು ಹಿಡಿತೀನಿ, ನಿಮ್ಮನ್ನ ದಾವಣಗೆರೆ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ, ನಿಮ್ಮ ಹೊಲದ ಕಳೆಗೆ ನಾನು ಬರ್ತೀನಿ, ನಾನೂ ಉಷಾರಾಣಿನೂ ಇಬ್ರೂ..." ಹೇಳುತ್ತ ಹೇಳುತ್ತ ಮೂಲೆಯ ಕೊಡ ಎತ್ತಿ ಆಗಲೇ ಸೊಂಟಕ್ಕಿಟ್ಟುಕೊಂಡಿದ್ದ. ಕೊಡ ತುಂಬಿತ್ತು. ಅಂಗಿಯ ಮೇಲೆಲ್ಲ ನೀರು ಚೆಲ್ಲಿತು.

"ಇಡದನ್ನ," ಎಂದಳು ಓಬವ್ವ. "ತುಂಬಿದ ಕೊಡಕ್ಕೆ ಎಲ್ಲಿಂದ ನೀರು ತರ್ತೀಯ? ಕುಂದ್ರು. ಏನೂ ಮಾಡ್ಬ್ಯಾಡ."

"ಏನಾದ್ರೂ ಮಾಡ್ಬೇಕವ್ವ ನಾನು."

"ಏನ್ ಮಾಡ್ತಿ? ಮುರಿದ ಮೂಳೆಗೆ ಏನು ಆಳು ಕೊಡ್ತಿ? ನೀನು ಸಾಯೋವರ್ಗೂ ನೀರು ಹೊತ್ರೂ ಅದು ಕೂಡಲ್ಲ. ತೀರ್ಸಾಕೆ ಆಗಲ್ಲ ಅಂತಾನೇ ಬಿಡು ಅಂದೆ. ತೀರೋ ಹಂಗಿದ್ರೆ ಬಿಡು ಅಂತ ಯಾಕಂತಿದ್ದೆ, ತಗೊಂತಿದ್ದೆ."

ಕೆಂಚೇಶ ಕೊಡ ಇಳಿಸಿ ಕುರ್ಚಿಯಲ್ಲಿ ಕೂತ. ಒದ್ದೆ ಅಂಗಿ ಹೊಟ್ಟೆಗೆ ಅಂಟಿಕೊಂಡಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ಮಂಡಿಯ ಮೇಲೆ ಬೋರಲು ಹಾಕಿಕೊಂಡ. ಇಷ್ಟು ಕಷ್ಟಪಟ್ಟು ಅವನು ಜನ್ಮದಲ್ಲಿ ಎಲ್ಲೂ ಕೂತಿರಲಿಲ್ಲ. ಬಿಡು ಎಂದವಳು ದೊಡ್ಡಮನೆಯ ಜಗುಲಿಯ ಮೇಲೆ ನಿಂತು ಬಿಡು ಎಂದಿರಲಿಲ್ಲ. ತಾನೇ ಮುರಿದುಕೊಂಡು, ಏಳಲಾಗದೆ ಬಿದ್ದುಕೊಂಡು, ಅಳು ನುಂಗಿ ಹೇಳಿದ್ದಳು. ಪುಕ್ಕಟೆಯೂ ಅಲ್ಲ ಅದು. ತೆತ್ತವಳು ಅವಳು. ಆಸ್ಪತ್ರೆಯ ಆ ಒಂಬತ್ತು ದಿನ ಓಂಕಾರಪ್ಪ ಅವ್ವನ ತಲೆ ಬಾಚುವಾಗ ಇವನ ಮುಖವನ್ನು ನೋಡಿರಲೂ ಇಲ್ಲ, ಲೆಕ್ಕ ಬರೆಯುವವರು ಹಾಗೆ ಬಾಚುವುದಿಲ್ಲ. ಕೇಳದವರಿಗೆ ಕೊಡುತ್ತ ಬಂದೆನಲ್ಲ ಇಷ್ಟು ವರ್ಷ, ಎಂದುಕೊಂಡ. ಕಣ್ಣು ಮಂಜಾಯಿತು. ಒರೆಸಿಕೊಳ್ಳುವುದೂ ಏನೋ ಮಾಡಿದಂತಾಗುತ್ತದೆ ಎನ್ನಿಸಿ ಹಾಗೇ ಬಿಟ್ಟ.

"ಅವ್ವ," ಎಂದ. "ಇದೇ. ಇದನ್ನೇ ನಾನು ಅವತ್ತು ಹೇಳ್ಬೇಕಾಗಿತ್ತು."

"ಯಾವ್ದನ್ನ?"

"ಈಗ ನೀವು ಅಂದ್ರಲ್ಲ. ಅವನೂ ಅದನ್ನೇ ಅಂದ. ಶಿಲುಬೆ ಮ್ಯಾಲೆ, ಹೊಡೆಸ್ಕೊಂಡು, ರಕ್ತ ಸುರೀತಿರುವಾಗ. ಮೊಳೆ ಜಡಿದೋರು ಕೆಳಗೇ ನಿಂತಿದ್ರು. ಅವರಿಗೇ ಅಂದ, ಬಿಟ್ಟೀನಿ ಅಂತ. ನಂಗೂ ಅಂದ, ನಿಮಗೂ ಅಂದ."

ಓಬವ್ವ ಸೂರು ನೋಡುತ್ತ ಮಲಗಿದ್ದಳು. ಈ ಸಲ ಹೂಂ ಎನ್ನಲಿಲ್ಲ. ಅವಳ ಹಣೆ ಗಂಟಿಕ್ಕಿಕೊಂಡಿತ್ತು. ಕಷ್ಟದ ಸಾಲೊಂದನ್ನು ಹಿಡಿದವಳ ಹಾಗೆ ಒಳಗೊಳಗೇ ಎಲ್ಲಿಯವರೆಗೋ ಹೋಗಿ ಬಂದಳು.

"ಅಂಗಾರೆ ನನ್ನಾಳು ತಗೊಳ್ಳಲ್ಲ ಅವನು."

"ತಗೊಳ್ಳಲ್ಲವ್ವ."

"ದೊಡ್ಡಮನ್ಯೋರಂಗೆ?"

"ಅಲ್ಲ. ಈಗ ನೀವು ನನ್ನ ಕೈಯಾಗಿಂದು ತಗೊಳ್ಳಲಿಲ್ಲ ಅಲ್ವಾ, ಹಂಗೆ."

ಅವಳು ಕೌದಿಯ ಅಂಚನ್ನು ಬೆರಳಲ್ಲಿ ಮಡಿಸಿದಳು, ಬಿಚ್ಚಿದಳು. ಪ್ರಾರ್ಥನೆ ಮಾಡಲೇ ಎಂದು ಕೇಳಬೇಕೆಂದುಕೊಂಡ ಕೆಂಚೇಶ ಕೇಳಲಿಲ್ಲ. ಶನಿವಾರ ಹೊನ್ನಾಳಿಯಲ್ಲಿ ನಲವತ್ತು ಜನರ ಮುಂದೆ ಏನು ಹೇಳುವು‌ದೆಂದು ಅವನಿಗೆ ಗೊತ್ತಿರಲಿಲ್ಲ. ಓಂಕಾರಪ್ಪನವರಿಗೆ ಮಾತ್ರ ಮುಯ್ಯಾಳು ಹೇಳುವುದಿಲ್ಲಣ್ಣ ಎಂದು ಹೇಳಬಹುದು, ಹೇಳಿದರೆ ಅವರೇನೂ ಮುನಿಯಲಾರರು ಎಂದು ಮೊದಲ ಸಲ ಅನ್ನಿಸಿತು. ಮಧ್ಯಾಹ್ನವಾಯಿತು. ಪಕ್ಕದ ಮನೆಯಾಕೆ ಬಂದು ಓಬವ್ವನಿಗೆ ಅನ್ನ ತಿನ್ನಿಸಿ, ಇವನ ಒದ್ದೆ ಅಂಗಿಯನ್ನು ವಿಚಿತ್ರವಾಗಿ ನೋಡಿ, ಇವನಿಗೂ ಒಂದು ತಟ್ಟೆ ಕೊಟ್ಟು ಹೋದಳು. ಅವನು ತಿಂದ. ಮುದುಕಿಗೆ ಜೋಂಪು ಹತ್ತಿತು, ಎಚ್ಚರವಾಯಿತು, ಮತ್ತೆ ಹತ್ತಿತು. ಇವನು ಎದ್ದುಹೋಗಲೂ ಇಲ್ಲ, ಏನೂ ಮಾಡಲೂ ಇಲ್ಲ.

ಮೂರೂವರೆಗೆ ಮಮತಾ ಬಂದಳು. ಶಾಲೆಯ ಸಾರಿನ ವಾಸನೆ ಅವಳ ಜತೆಗೇ ಒಳಗೆ ಬಂತು. ಚಪ್ಪಲಿ ಬಿಡುತ್ತ ಇವನನ್ನು ನೋಡಿ, "ಬೆಳಿಗ್ಗೆಯಿಂದ ಇಲ್ಲೇ ಇದ್ದೀರೇನ್ರಿ?" ಎಂದಳು. ಉತ್ತರಕ್ಕೆ ಕಾಯದೆ, ಮುಗಿಸಿಬಿಡಬೇಕಾದ ಕೆಲಸದ ಧಾಟಿಯಲ್ಲಿ, "ಮುಂದಿನ ವಾರ ಎಷ್ಟೊತ್ತಿಗೆ ಬರ್ಲಿ ಕಸಕ್ಕೆ? ಇನ್ನೂ ಬೇಗ ಬಾಗ್ಲು ತಗೀತೀರಾ?" ಎಂದು ಕೇಳಿದಳು.

ಕೆಂಚೇಶ ಬಾಯಿ ತೆರೆಯುವುದರೊಳಗೆ ಮಂಚದಿಂದ ಓಬವ್ವನ ದನಿ ಬಂತು.

"ಹೋಗ್ಬ್ಯಾಡ ಬಿಡೇ. ಬ್ಯಾಡ ಅಂದನಂತೆ."

ಮಮತಾ ಇವನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. "ಯಾರು? ಪಾಸ್ಟ್ರಾ?"

"ಅಲ್ಲ," ಎಂದಳು ಓಬವ್ವ.